ಜ್ವರದ ರಕ್ತ ಪರೀಕ್ಷೆ: ರಿಪೋರ್ಟ್ ಕೈಗೆ ಬಂದಾಗ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು

ಮಳೆಗಾಲ ಶುರುವಾಯಿತೆಂದರೆ ನಮ್ಮ ಲ್ಯಾಬ್‌ನ ಕಿಟಕಿಯಲ್ಲಿ ದಿನಕ್ಕೆ ಹತ್ತಾರು ಸಲ ಒಂದೇ ಪ್ರಶ್ನೆ. "ಮೇಡಂ, ಪ್ಲೇಟ್‌ಲೆಟ್ ಎಷ್ಟಿದೆ?" ನಾನು ತಿರುಗಿ, "ಜ್ವರ ಶುರುವಾಗಿದ್ದು ಯಾವತ್ತು?" ಎಂದು ಕೇಳುತ್ತೇನೆ. ಆಗ ಜೊತೆಗೆ ಬಂದವರ ಮುಖ ನೋಡುತ್ತಾರೆ. ಭಾನುವಾರ ರಾತ್ರಿಯೋ, ಸೋಮವಾರ ಬೆಳಗ್ಗೆಯೋ ಎಂದು ಇಬ್ಬರೂ ಲೆಕ್ಕ ಹಾಕುತ್ತಾ ನಿಲ್ಲುತ್ತಾರೆ.

ನನ್ನ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅವರ ಪ್ರಶ್ನೆಗೆ ನಾನು ಕೊಡುವ ಉತ್ತರ ಬರೀ ಒಂದು ಅಂಕಿ. ಜ್ವರದ ಮೂರನೇ ದಿನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಸಣ್ಣ ಕಣ) 90 ಸಾವಿರ ಬಂದರೆ ಅದು ಇನ್ನೂ ಇಳಿಯಬಹುದು. ಅದೇ 90 ಸಾವಿರ ಎಂಟನೇ ದಿನ ಬಂದು, ಹಿಂದಿನ ದಿನ 60 ಸಾವಿರ ಇತ್ತು ಎಂದಾದರೆ, ಮೈ ಚೇತರಿಸಿಕೊಳ್ಳುತ್ತಿದೆ. ಅಂಕಿ ಒಂದೇ, ಅರ್ಥ ಪೂರ್ತಿ ಬೇರೆ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ವೈದ್ಯೆ ಅಲ್ಲ. ಯಾವ ಮಾತ್ರೆ, ಎಷ್ಟು ದಿನ, ಅಡ್ಮಿಟ್ ಆಗಬೇಕೋ ಬೇಡವೋ ಎನ್ನುವುದನ್ನು ನಿಮ್ಮನ್ನು ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು. ಆದರೆ ರಿಪೋರ್ಟ್ ಎನ್ನುವ ಆ ಕಾಗದವನ್ನು ಹೇಗೆ ಓದಬೇಕು ಎಂದು ನಾನು ಹೇಳಿಕೊಡಬಲ್ಲೆ. ಓದಲು ಬಂದರೆ ಸುಮ್ನೆ ಗಾಬರಿಯಾಗುವುದು ತಪ್ಪುತ್ತದೆ. ಗಾಬರಿಯಾಗಬೇಕಾದ ಕಡೆ ತಡ ಮಾಡುವುದೂ ತಪ್ಪುತ್ತದೆ.

ಹಂತ 1: ಜ್ವರದ ದಿನ ಎಣಿಸಿ

ಮೊದಲ ಸಲ ಮೈ ಬಿಸಿಯಾದ ದಿನವೇ ಒಂದನೇ ದಿನ. ಗೋಡೆಯ ಕ್ಯಾಲೆಂಡರ್‌ನಲ್ಲಿ ಅದಕ್ಕೊಂದು ಗುರುತು ಹಾಕಿ. ಆಮೇಲಿನ ಎಲ್ಲ ಲೆಕ್ಕವೂ ಅಲ್ಲಿಂದಲೇ.

ಒಂದನೇ ದಿನವೇ ಓಡಿ ಬಂದು ರಕ್ತ ಕೊಡುವವರು ತುಂಬಾ ಜನ. ಆ ದಿನ ಸಿಬಿಸಿ (ರಕ್ತಕಣಗಳನ್ನೆಲ್ಲ ಎಣಿಸುವ ಪರೀಕ್ಷೆ) ಹೆಚ್ಚಾಗಿ ನಾರ್ಮಲ್ಲೇ ಬರುತ್ತದೆ. ಡೆಂಗ್ಯೂ ಇದ್ದರೂ ನಾರ್ಮಲ್ ಬರಬಹುದು. "ರಿಪೋರ್ಟ್ ಚೆನ್ನಾಗಿದೆ" ಎಂದು ಸಮಾಧಾನಪಟ್ಟು ಅವರು ಮತ್ತೆ ಈ ಕಡೆ ಬರುವುದಿಲ್ಲ. ಪರೀಕ್ಷೆ ಬೇಕಾಗಿದ್ದ ನಾಲ್ಕನೇ, ಐದನೇ ದಿನ ಮನೆಯಲ್ಲಿ ಮಲಗಿರುತ್ತಾರೆ. ಮೊದಲ ದಿನದ ಸಿಬಿಸಿ ದಂಡ ಎಂದು ನಾನು ಹೇಳುತ್ತಿಲ್ಲ. ಮುಂದಿನ ರಿಪೋರ್ಟ್‌ಗಳನ್ನು ಹೋಲಿಸಿ ನೋಡಲು ಅದು ಬೇಕು. ಆದರೆ ಕಾಯಿಲೆ ಇಲ್ಲ ಎಂದು ಅದು ಹೇಳುವುದಿಲ್ಲ.

ಡೆಂಗ್ಯೂ ವೈರಸ್ಸಿನ ತುಣುಕು ಹುಡುಕುವ ಎನ್‌ಎಸ್1 ಪರೀಕ್ಷೆಗೆ ಒಂದರಿಂದ ಐದನೇ ದಿನದ ಒಳಗೆ ಕೊಟ್ಟ ರಕ್ತ ಒಳ್ಳೆಯದು. ಐಜಿಎಂ ಎಂಬ ಪ್ರತಿಕಾಯ ಐದನೇ ದಿನದ ಹೊತ್ತಿಗೆ ಕಾಣಿಸಿಕೊಳ್ಳಲು ಶುರು. ಟೈಫಾಯ್ಡ್‌ಗೆ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮೊದಲ ವಾರದಲ್ಲಿ ಮಾಡಿಸಬೇಕು, ಅದೂ ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆ. ಮಲೇರಿಯಾ ಸ್ಲೈಡ್ (ರಕ್ತದ ಹನಿಯನ್ನು ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು) ಯಾವ ದಿನವಾದರೂ ಸರಿ, ಆದರೆ ಒಂದು ಸಲ ನೆಗೆಟಿವ್ ಬಂದರೆ ಸಾಕಾಗುವುದಿಲ್ಲ.

ಹಂತ 2: ರಕ್ತ ಕೊಡುವಾಗ

ಸಿಬಿಸಿಗೆ ಖಾಲಿ ಹೊಟ್ಟೆ ಬೇಡ. ಜ್ವರ ಬಂದವರು ಬೆಳಗ್ಗೆಯಿಂದ ನೀರೂ ಕುಡಿಯದೆ ಬಂದು ಬೆಂಚಿನ ಮೇಲೆ ಕುಸಿಯುವುದನ್ನು ನೋಡಿದ್ದೇನೆ. ದಯವಿಟ್ಟು ಗಂಜಿಯೋ ಮಜ್ಜಿಗೆಯೋ ಕುಡಿದು ಬನ್ನಿ.

ತೆಗೆದುಕೊಂಡ ಮಾತ್ರೆಗಳ ಸ್ಟ್ರಿಪ್ ತನ್ನಿ. "ಮೆಡಿಕಲ್‌ನಲ್ಲಿ ಕೊಟ್ಟ ಬಿಳಿ ಮಾತ್ರೆ" ಎಂದರೆ ಡಾಕ್ಟರಿಗೂ ನಮಗೂ ಏನೂ ಗೊತ್ತಾಗುವುದಿಲ್ಲ. ಹಳೆಯ ರಿಪೋರ್ಟ್‌ಗಳಿದ್ದರೆ ಅವನ್ನೂ ತನ್ನಿ. ಆದಷ್ಟು ಒಂದೇ ಲ್ಯಾಬ್‌ಗೆ ಹೋಗಿ. ಒಂದು ಮಿಷನ್‌ಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಬೆಳಗ್ಗೆ ಒಂದು ಕಡೆ 82 ಸಾವಿರ, ಸಂಜೆ ಇನ್ನೊಂದು ಕಡೆ 74 ಸಾವಿರ ಬಂದರೆ ಪ್ಲೇಟ್‌ಲೆಟ್ ಇಳಿದಿದೆಯೋ, ಮಿಷನ್ ಬದಲಾಗಿದ್ದಕ್ಕೋ ಎಂದು ಹೇಳುವುದು ಕಷ್ಟ.

ಹಂತ 3: ಅಂಕಿಗಿಂತ ಮೊದಲು ಅಳತೆ ನೋಡಿ

ವಾಟ್ಸ್ಆ್ಯಪ್‌ನಲ್ಲಿ ರಿಪೋರ್ಟ್ ಬರುವ ಈ ಕಾಲದಲ್ಲಿ ಜಾಸ್ತಿ ಗಾಬರಿ ಹುಟ್ಟುವುದು ಇಲ್ಲೇ. ಪ್ಲೇಟ್‌ಲೆಟ್ ಲೆಕ್ಕವನ್ನು ಒಂದೊಂದು ಲ್ಯಾಬ್ ಒಂದೊಂದು ರೀತಿ ಬರೆಯುತ್ತದೆ. ಕೆಲವರು 1,48,000 ಎಂದು ಪೂರ್ತಿ ಬರೆಯುತ್ತಾರೆ. ಕೆಲವರು 1.48 ಎಂದು ಬರೆದು ಪಕ್ಕದಲ್ಲಿ 'ಲಕ್ಷ' ಎನ್ನುತ್ತಾರೆ. ಇನ್ನು ಕೆಲವರು ಬರೀ 148 ಎಂದು ಬರೆದು, ಪಕ್ಕದಲ್ಲಿ 10ರ ಮೇಲೆ ಸಣ್ಣದಾಗಿ 3 ಅಥವಾ 9 ಹಾಕುತ್ತಾರೆ. ಮೂರೂ ಒಂದೇ. 148 ಎಂದಿದ್ದರೆ ಅದು 148 ಸಾವಿರ, ಅಂದರೆ ಸುಮಾರು ಒಂದೂವರೆ ಲಕ್ಷ. ಬಿಳಿ ರಕ್ತಕಣದ ಲೆಕ್ಕವೂ ಹಾಗೆಯೇ. 3.2 ಎಂದಿದ್ದರೆ 3,200.

ಉರಿಯೂತ ಅಳೆಯುವ ಸಿಆರ್‌ಪಿ ಎನ್ನುವ ಪರೀಕ್ಷೆಯಲ್ಲೂ ಇದೇ ತೊಡಕು. ಕೆಲವು ಕಡೆ ಲೀಟರಿಗೆ ಮಿಲಿಗ್ರಾಂ, ಕೆಲವು ಕಡೆ ಡೆಸಿಲೀಟರಿಗೆ ಮಿಲಿಗ್ರಾಂ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಎರಡು ಲ್ಯಾಬ್‌ನ ಸಿಆರ್‌ಪಿ ಹೋಲಿಸುವ ಮುಂಚೆ ಅಳತೆ ನೋಡಿಕೊಳ್ಳಿ.

ಹಂತ 4: ಕೆಂಪು ಅಕ್ಷರಕ್ಕೆ ಹೆದರಬೇಡಿ

ರಿಪೋರ್ಟ್‌ನಲ್ಲಿ 'ಎಚ್' ಎಂದರೆ ಹೆಚ್ಚು, 'ಎಲ್' ಎಂದರೆ ಕಡಿಮೆ. ಅದನ್ನು ಹಾಕುವುದು ಕಂಪ್ಯೂಟರ್. ಅದಕ್ಕೆ ನಿಮ್ಮ ಜ್ವರವೂ ಗೊತ್ತಿಲ್ಲ, ನೀವೂ ಗೊತ್ತಿಲ್ಲ. ಆರೋಗ್ಯವಾಗಿರುವ ನೂರು ಜನರಲ್ಲಿ ತೊಂಬತ್ತೈದು ಜನ ಎಲ್ಲಿರುತ್ತಾರೋ ಅದನ್ನೇ ನಾರ್ಮಲ್ ಎನ್ನುತ್ತೇವೆ. ಉಳಿದ ಐದು ಜನರೂ ಆರೋಗ್ಯವಾಗಿಯೇ ಇರುತ್ತಾರೆ. ಸಿಬಿಸಿಯಲ್ಲಿ ಇಪ್ಪತ್ತು ಸಾಲು ಇದ್ದರೆ ಒಂದಾದರೂ ಸಾಲು ಗೆರೆ ದಾಟುವುದು ಸಹಜ. ಪ್ಲೇಟ್‌ಲೆಟ್‌ನ ಗಾತ್ರ ಹೇಳುವ ಎಂಪಿವಿ, ಪಿಡಿಡಬ್ಲ್ಯು ಎಂಬ ಸಾಲುಗಳು ಸ್ವಲ್ಪ ಆಚೀಚೆ ಆಗಿವೆ ಎಂದು ರಾತ್ರಿಯೆಲ್ಲ ನಿದ್ದೆಗೆಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಮಕ್ಕಳ ಗೆರೆ ಬೇರೆ, ಬಸುರಿಯರ ಗೆರೆ ಬೇರೆ. ಸಣ್ಣ ಮಕ್ಕಳಲ್ಲಿ ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣ ದೊಡ್ಡವರಿಗಿಂತ ಹೆಚ್ಚಿರುವುದು ಸಹಜ. ಬಸುರಿಯರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ, ಬಿಳಿ ರಕ್ತಕಣ ಸ್ವಲ್ಪ ಹೆಚ್ಚು ಇರಬಹುದು. ರಿಪೋರ್ಟ್‌ನಲ್ಲಿ ದೊಡ್ಡವರ ಗೆರೆಯನ್ನೇ ಹಾಕಿ ಮಗುವಿನ ಸಾಲಿನ ಮುಂದೆ ಕೆಂಪಗೆ 'ಎಚ್' ಬಂದಿದ್ದರೆ, ಮಕ್ಕಳ ಡಾಕ್ಟರ್ ನೋಡುವ ತನಕ ಏನೂ ತೀರ್ಮಾನ ಮಾಡಬೇಡಿ.

ಇನ್ನೊಂದು ಲೆಕ್ಕವನ್ನು ನೀವೇ ಮಾಡಬಹುದು. ಶೇಕಡಾ ಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ. ಲಿಂಫೋಸೈಟ್ ಶೇಕಡಾ 60 ಎಂದು ಕೆಂಪಗೆ ಬಂದಿದೆ ಎನ್ನಿ. ಒಟ್ಟು ಬಿಳಿ ರಕ್ತಕಣ 2,500. ಅದರಲ್ಲಿ 60 ಭಾಗ ಎಂದರೆ 1,500. ದೊಡ್ಡವರಿಗೆ ಇದು ನಾರ್ಮಲ್. ಲಿಂಫೋಸೈಟ್ ಏರಿಲ್ಲ, ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಇಳಿದಿದೆ, ಅಷ್ಟೆ. ಒಟ್ಟು ಸಂಖ್ಯೆ ಬಿಟ್ಟು ಬರೀ ಶೇಕಡಾ ಓದಬೇಡಿ.

ಹಂತ 5: ಸಿಬಿಸಿಯನ್ನು ಈ ಕ್ರಮದಲ್ಲಿ ಓದಿ

ಎಲ್ಲರೂ ಕೊನೆಯ ಸಾಲಿನ ಪ್ಲೇಟ್‌ಲೆಟ್‌ಗೆ ಹಾರುತ್ತಾರೆ. ನೀವು ಮೇಲಿನಿಂದ ಬನ್ನಿ.

ಮೊದಲು ಬಿಳಿ ರಕ್ತಕಣ. ದೊಡ್ಡವರಲ್ಲಿ 4,000ದಿಂದ 11,000 ಸಾಮಾನ್ಯ. 15,000, 18,000 ಎಂದು ಏರಿದ್ದು, ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ 80 ದಾಟಿದ್ದರೆ ಬ್ಯಾಕ್ಟೀರಿಯಾದ ಸೋಂಕು ಎಲ್ಲೋ ಇರಬಹುದು ಎಂದು ಡಾಕ್ಟರ್ ಹುಡುಕುತ್ತಾರೆ. ಗಂಟಲೋ, ಎದೆಯೋ, ಮೂತ್ರವೋ, ಕೀವು ಕಟ್ಟಿದ ಗಾಯವೋ. 4,000ಕ್ಕಿಂತ ಕೆಳಗಿಳಿದಿದ್ದರೆ ವೈರಸ್ ಜ್ವರಗಳ ಕಡೆ ಯೋಚನೆ ಹೋಗುತ್ತದೆ. ಟೈಫಾಯ್ಡ್ ಬ್ಯಾಕ್ಟೀರಿಯಾದಿಂದ ಬಂದರೂ ಅದರಲ್ಲಿ ಬಿಳಿ ರಕ್ತಕಣ ಏರುವುದು ಕಡಿಮೆ. ನಾರ್ಮಲ್ ಇರುತ್ತದೆ, ಇಲ್ಲವೇ ಇಳಿದಿರುತ್ತದೆ. ಇಯೊಸಿನೋಫಿಲ್ ಎಂಬ ಬಗೆಯ ಬಿಳಿ ರಕ್ತಕಣ ಸೊನ್ನೆಯಾಗುವುದೂ ಉಂಟು. ಇದೆಲ್ಲ ಸುಳಿವು ಮಾತ್ರ, ಸಾಕ್ಷಿಯಲ್ಲ.

ಡೆಂಗ್ಯೂ ಬಂದಾಗ ಮೊದಲು ಇಳಿಯುವುದು ಹೆಚ್ಚಾಗಿ ಬಿಳಿ ರಕ್ತಕಣವೇ. ಪ್ಲೇಟ್‌ಲೆಟ್ ಇಳಿಯುವುದು ಅದರ ಹಿಂದೆ. ಆದ್ದರಿಂದ ಮೂರನೇ ದಿನ ಪ್ಲೇಟ್‌ಲೆಟ್ 1.7 ಲಕ್ಷ ಇದ್ದು, ಬಿಳಿ ರಕ್ತಕಣ 2,800 ಇದ್ದರೆ ನಾನು "ನಾಳೆ ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ" ಎಂದೇ ಹೇಳಿ ಕಳಿಸುತ್ತೇನೆ. ವಾಸಿಯಾಗುವಾಗಲೂ ಮೊದಲು ಏರುವುದು ಬಿಳಿ ರಕ್ತಕಣ, ಆಮೇಲೆ ಪ್ಲೇಟ್‌ಲೆಟ್. 2,100 ಇದ್ದದ್ದು 3,400 ಆಗಿದ್ದರೆ, ಪ್ಲೇಟ್‌ಲೆಟ್ ಇನ್ನೂ ಕೆಳಗೇ ಇದ್ದರೂ, ಅದು ಒಳ್ಳೆಯ ಸುದ್ದಿ.

ಕೆಳಗೆ 'ಅಟಿಪಿಕಲ್ ಲಿಂಫೋಸೈಟ್' ಅಥವಾ 'ರಿಯಾಕ್ಟಿವ್ ಲಿಂಫೋಸೈಟ್' ಎಂದು ಬರೆದಿರಬಹುದು. ಮೊಬೈಲ್‌ನಲ್ಲಿ ಹುಡುಕಿ ಕ್ಯಾನ್ಸರ್ ಎಂದುಕೊಂಡು ಅಳುತ್ತಾ ಬಂದ ತಾಯಿಯೊಬ್ಬರನ್ನು ನಾನು ಕೂರಿಸಿ ನೀರು ಕೊಟ್ಟಿದ್ದೇನೆ. ವೈರಸ್ ಜೊತೆ ಕಾದಾಡುವಾಗ ಆ ಕಣಗಳು ದೊಡ್ಡದಾಗಿ, ಆಕಾರ ಬದಲಾಗಿ ಕಾಣುತ್ತವೆ. ಡೆಂಗ್ಯೂ ಸ್ಲೈಡ್‌ನಲ್ಲಿ ಅವು ಸಾಮಾನ್ಯ.

ಎರಡನೆಯದು ಹಿಮೋಗ್ಲೋಬಿನ್ ಮತ್ತು ಅದರ ಜೊತೆಗಾರ ಪಿಸಿವಿ. ಕೆಲವು ರಿಪೋರ್ಟ್‌ನಲ್ಲಿ ಹೆಮಟೋಕ್ರಿಟ್ ಎಂದಿರುತ್ತದೆ. ರಕ್ತದಲ್ಲಿ ಕಣಗಳ ಪಾಲು ಎಷ್ಟು, ನೀರಿನ ಪಾಲು ಎಷ್ಟು ಎಂದು ಇದು ಹೇಳುತ್ತದೆ. ಡೆಂಗ್ಯೂವಿನಲ್ಲಿ ಪ್ಲೇಟ್‌ಲೆಟ್‌ಗಿಂತ ಈ ಸಾಲಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಯಾಕೆ ಗೊತ್ತಾ? ಡೆಂಗ್ಯೂವಿನಲ್ಲಿ ನಿಜವಾದ ಅಪಾಯ ರಕ್ತನಾಳ ಸೋರುವುದು. ರಕ್ತದ ನೀರಿನಂಶ ನಾಳದಿಂದ ಹೊರಗೆ ಜಿನುಗಿ ಹೊಟ್ಟೆಯಲ್ಲಿ, ಎದೆಯಲ್ಲಿ ಸೇರುತ್ತದೆ. ನಾಳದಲ್ಲಿ ಉಳಿಯುವ ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಗಟ್ಟಿಯಾದದ್ದು ರಿಪೋರ್ಟ್‌ನಲ್ಲಿ ಪಿಸಿವಿ ಏರಿದ ಹಾಗೆ ಕಾಣುತ್ತದೆ. ಮೊದಲ ದಿನ 42 ಇದ್ದದ್ದು 50 ದಾಟಿದರೆ ಸುಮಾರು ಐದನೇ ಒಂದು ಭಾಗ ಏರಿದಂತೆ. ಅದರ ಜೊತೆಗೆ ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಪಿಸಿವಿ ಏರಿದರೆ ಹಿಮೋಗ್ಲೋಬಿನ್ ಕೂಡ ಏರುತ್ತದೆ. "ಜ್ವರದಲ್ಲೂ ಹಿಮೋಗ್ಲೋಬಿನ್ 13ರಿಂದ 15.5 ಆಗಿದೆ, ದಾಳಿಂಬೆ ಜ್ಯೂಸ್ ಕೆಲಸ ಮಾಡಿತು" ಎಂದು ಖುಷಿಪಟ್ಟವರಿದ್ದಾರೆ. ಮೂರು ದಿನದಲ್ಲಿ ಯಾರಿಗೂ ಅಷ್ಟು ರಕ್ತ ಹೆಚ್ಚುವುದಿಲ್ಲ. ಅಲ್ಲಿ ಹೆಚ್ಚಿದ್ದು ರಕ್ತವಲ್ಲ, ಕಡಿಮೆಯಾದದ್ದು ನೀರು. ಇದಕ್ಕೆ ಎದುರಾಗಿ ಪಿಸಿವಿ ಥಟ್ಟನೆ ಇಳಿದರೆ, ಡ್ರಿಪ್ ಹಾಕಿದ್ದರಿಂದ ಇರಬಹುದು, ಒಳಗೆ ರಕ್ತಸ್ರಾವ ಆಗುತ್ತಿರಲೂಬಹುದು. ಅದನ್ನು ಡಾಕ್ಟರ್ ನಾಡಿ, ಬಿಪಿ ನೋಡಿಯೇ ಹೇಳಬೇಕು.

ಹಂತ 6: ಈಗ ಪ್ಲೇಟ್‌ಲೆಟ್

ಸಾಮಾನ್ಯವಾಗಿ 1.5ರಿಂದ 4.5 ಲಕ್ಷ. ವೈರಸ್ ಜ್ವರ ಯಾವುದೇ ಇದ್ದರೂ 1.2 ಲಕ್ಷ, 1.3 ಲಕ್ಷಕ್ಕೆ ಇಳಿಯುವುದು ದಿನಾ ನೋಡುವ ಮಾತು. ಮಲೇರಿಯಾದಲ್ಲೂ ಇಳಿಯುತ್ತದೆ, ಇಲಿ ಜ್ವರದಲ್ಲೂ ಇಳಿಯುತ್ತದೆ, ಮಂಗನ ಕಾಯಿಲೆಯಲ್ಲೂ ಇಳಿಯುತ್ತದೆ. ಪ್ಲೇಟ್‌ಲೆಟ್ ಇಳಿದ ಮಾತ್ರಕ್ಕೆ ಡೆಂಗ್ಯೂ ಎಂದಲ್ಲ.

ಒಂದು ಅಂಕಿ ನೋಡಬೇಡಿ, ಮೂರು ಅಂಕಿ ಸಾಲಾಗಿ ಬರೆದು ನೋಡಿ. ನಾಲ್ಕನೇ ದಿನ 1.4 ಲಕ್ಷ, ಐದನೇ ದಿನ 85 ಸಾವಿರ, ಆರನೇ ದಿನ 42 ಸಾವಿರ. ಇಳಿಯುವ ವೇಗ ಜೋರಾಗಿದೆ. ಇನ್ನೊಬ್ಬರದು 60, 52, 55, 78 ಸಾವಿರ. ತಳ ಮುಟ್ಟಿ ಮೇಲೇಳುತ್ತಿದೆ. ಲಕ್ಷದ ಕೆಳಗೆ ಹೋದರೆ ದಿನಾ ಪರೀಕ್ಷೆ ಮಾಡಿಸಲು ಹೇಳುತ್ತಾರೆ. 50 ಸಾವಿರದ ಕೆಳಗೆ ಹೋದರೆ ಹೆಚ್ಚಿನ ಡಾಕ್ಟರುಗಳು ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಲು ಬಯಸುತ್ತಾರೆ. ಆದರೆ 40 ಸಾವಿರ ಎಂದ ಕೂಡಲೇ ಪ್ಲೇಟ್‌ಲೆಟ್ ಚೀಲಕ್ಕಾಗಿ ಊರೆಲ್ಲ ಓಡಾಡುವುದು ಬೇಡ. ನಮ್ಮ ದೇಶದ ಡೆಂಗ್ಯೂ ಚಿಕಿತ್ಸೆಯ ಮಾರ್ಗಸೂಚಿಯ ಪ್ರಕಾರ, ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರದ ಕೆಳಗೆ ಇಳಿದಾಗ ಮಾತ್ರ ಅದರ ಯೋಚನೆ. ಹಾಕಿದ ಪ್ಲೇಟ್‌ಲೆಟ್ ಕೂಡ ಡೆಂಗ್ಯೂ ಇರುವ ಮೈಯಲ್ಲಿ ಬೇಗ ನಾಶವಾಗುತ್ತದೆ. "ಡಾಕ್ಟ್ರು ಪ್ಲೇಟ್‌ಲೆಟ್ ಹಾಕ್ತಿಲ್ಲ" ಎಂದು ಜಗಳ ಮಾಡುವ ಮುಂಚೆ, "ರಕ್ತಸ್ರಾವ ಇದೆಯಾ, ಪಿಸಿವಿ ಎಷ್ಟು?" ಎಂದು ಕೇಳಿ.

ಮಿಷನ್ ತಪ್ಪು ಎಣಿಸುವುದೂ ಇದೆ. ಇದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಎರಡು ದಿನದ ಜ್ವರ. ಅಲ್ಲಿನ ಒಂದು ಲ್ಯಾಬ್‌ನಿಂದ 38 ಸಾವಿರ ಎಂದು ರಿಪೋರ್ಟ್ ಬಂತು. ನಾದಿನಿ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಅಕ್ಕಾ, ಏನು ಮಾಡ್ಲಿ?" ಎಂದು ಬಿಕ್ಕಿದಳು. ನಾನು ರಿಪೋರ್ಟ್ ತರಿಸಿಕೊಂಡು ನೋಡಿದೆ. ಬಿಳಿ ರಕ್ತಕಣ ನಾರ್ಮಲ್, ಪಿಸಿವಿ ನಾರ್ಮಲ್, ಜ್ವರದ ಎರಡನೇ ದಿನ. ಇಷ್ಟು ಬೇಗ ಇಷ್ಟು ಕೆಳಗೆ ಹೋಗುವುದು ವಿಚಿತ್ರ ಎನಿಸಿತು. "ಆಸ್ಪತ್ರೆಗೆ ಹೋಗಿ, ಸ್ಲೈಡ್ ಮಾಡಿ ಕಣ್ಣಲ್ಲಿ ನೋಡಿ ಹೇಳೋಕೆ ಕೇಳಿ" ಎಂದೆ. ಸ್ಲೈಡ್‌ನಲ್ಲಿ ಪ್ಲೇಟ್‌ಲೆಟ್‌ಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿದ್ದವು. ಇಡೀ ಗೊಂಚಲನ್ನು ಮಿಷನ್ ಪ್ಲೇಟ್‌ಲೆಟ್ ಎಂದೇ ಎಣಿಸುವುದಿಲ್ಲ. ಬೇರೆ ಮದ್ದಿರುವ ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಮತ್ತೆ ರಕ್ತ ತೆಗೆದು ನೋಡಿದರೆ 1.6 ಲಕ್ಷ.

ಸಿಬಿಸಿಗೆ ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇಡಿಟಿಎ ಎಂಬ ಮದ್ದು ಇರುತ್ತದೆ, ರಕ್ತ ಹೆಪ್ಪುಗಟ್ಟದಿರಲಿ ಎಂದು. ಕೆಲವರ ಪ್ಲೇಟ್‌ಲೆಟ್‌ಗಳು ಆ ಮದ್ದಿನಿಂದಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೂಜಿ ಚುಚ್ಚುವಾಗ ತಡವಾದರೂ, ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ ಸರಿಯಾಗಿ ಬೆರೆಸದಿದ್ದರೂ ಸಣ್ಣ ಹೆಪ್ಪು ಕಟ್ಟಿ ಲೆಕ್ಕ ಕಡಿಮೆ ಬರುತ್ತದೆ. ಆದ್ದರಿಂದ ಲ್ಯಾಬ್‌ನವರು "ಇನ್ನೊಮ್ಮೆ ಸ್ಯಾಂಪಲ್ ಬೇಕು" ಎಂದರೆ ಬೇಸರ ಮಾಡಿಕೊಳ್ಳಬೇಡಿ. ಅವರು ನಿಮ್ಮ ಒಳ್ಳೆಯದಕ್ಕೇ ಕೇಳುತ್ತಿದ್ದಾರೆ. ತೀರಾ ಕಡಿಮೆ ಅಂಕಿ ಬಂದು, ರೋಗಿ ಚೆನ್ನಾಗಿಯೇ ಓಡಾಡಿಕೊಂಡಿದ್ದರೆ, "ಸ್ಲೈಡ್ ನೋಡಿದ್ರಾ?" ಎಂದು ನೀವೂ ಕೇಳಬಹುದು. ಆದರೆ ಮಿಷನ್ ತಪ್ಪಿರಬೇಕು ಎಂದುಕೊಂಡು ಮನೆಯಲ್ಲೇ ಕೂರಬೇಡಿ. ತಪ್ಪೋ ಸರಿಯೋ, ಆವತ್ತೇ ಗೊತ್ತಾಗಬೇಕು.

ಪಪ್ಪಾಯಿ ಎಲೆಯ ರಸದ ಮಾತು ಬರದೆ ಇರುವುದಿಲ್ಲ. ಡೆಂಗ್ಯೂವಿನಲ್ಲಿ ಏಳೆಂಟನೇ ದಿನದ ಹೊತ್ತಿಗೆ ಪ್ಲೇಟ್‌ಲೆಟ್ ತಾನಾಗಿಯೇ ಏರಲು ಶುರುವಾಗುತ್ತದೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಹೆಸರು ಅದಕ್ಕೇ. ನನಗೆ ಅದರ ಬಗ್ಗೆ ಇರುವ ಆತಂಕ ಬೇರೆ. ಆ ಕಹಿ ರಸ ಕುಡಿದು ವಾಂತಿಯಾದರೆ, ಅದು ರಸದಿಂದ ಬಂದ ವಾಂತಿಯೋ ಡೆಂಗ್ಯೂ ಜೋರಾದ ವಾಂತಿಯೋ ಗೊತ್ತಾಗುವುದಿಲ್ಲ. ಹೊಟ್ಟೆಯಲ್ಲಿ ಉಳಿಯಬೇಕಾದ ಒಆರ್‌ಎಸ್, ಎಳನೀರು, ಗಂಜಿ ಎಲ್ಲ ಆಚೆ ಬರುತ್ತದೆ. ಆ ದಿನಗಳಲ್ಲಿ ಮೈಗೆ ಬೇಕಾದದ್ದು ಅವೇ.

ಹಂತ 7: ಡೆಂಗ್ಯೂ ಪರೀಕ್ಷೆಯ ಮೂರು ಸಾಲು

ಎನ್‌ಎಸ್1 ಎಂದರೆ ವೈರಸ್ಸಿನದೇ ಒಂದು ತುಣುಕು. ಪಾಸಿಟಿವ್ ಬಂದರೆ ಈಗ ಡೆಂಗ್ಯೂ ಇದೆ ಎಂದು ತೆಗೆದುಕೊಳ್ಳಬಹುದು. ನೆಗೆಟಿವ್ ಬಂದರೆ ಇಲ್ಲ ಎನ್ನುವಂತಿಲ್ಲ, ಅದರಲ್ಲೂ ಐದನೇ ದಿನದ ಮೇಲೆ. ಐಜಿಎಂ ಎಂದರೆ ಮೈ ತಯಾರಿಸಿದ ಹೊಸ ಪ್ರತಿಕಾಯ. ಇದು ಬಂದ ಮೇಲೆ ಎರಡು ಮೂರು ತಿಂಗಳು ಉಳಿಯಬಹುದು. ಹಾಗಾಗಿ ಐಜಿಎಂ ಒಂದೇ ಪಾಸಿಟಿವ್ ಇದ್ದರೆ, ಹಿಂದಿನ ತಿಂಗಳ ಜ್ವರದ ಗುರುತೂ ಆಗಿರಬಹುದು. ಐಜಿಜಿ ಒಂದೇ ಇದ್ದರೆ ಹಿಂದೆಂದೋ ಡೆಂಗ್ಯೂ ಬಂದು ಹೋಗಿರಬಹುದು. ಆದರೆ ಜ್ವರದ ಮೊದಲ ದಿನಗಳಲ್ಲೇ ಐಜಿಜಿ ಜೋರಾಗಿ ಪಾಸಿಟಿವ್ ಇದ್ದರೆ ಇದು ಎರಡನೇ ಸಲದ ಡೆಂಗ್ಯೂ ಇರಬಹುದು. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಬೇರೆ ಬಗೆ ಎರಡನೇ ಸಲ ತಗುಲಿದಾಗ ಜೋರಾಗುವ ಸಾಧ್ಯತೆ ಹೆಚ್ಚು. ಐಜಿಜಿ ಪಾಸಿಟಿವ್ ಎಂದಿದ್ದರೆ ಡಾಕ್ಟರಿಗೆ ತಪ್ಪದೆ ತೋರಿಸಿ.

ಹತ್ತು ಹದಿನೈದು ನಿಮಿಷದಲ್ಲಿ ಬರುವ ಕಾರ್ಡ್ ಟೆಸ್ಟ್‌ಗಿಂತ, ಲ್ಯಾಬ್‌ನಲ್ಲಿ ಹೆಚ್ಚು ಹೊತ್ತು ಹಿಡಿಯುವ ಎಲಿಸಾ ಎಂಬ ಪರೀಕ್ಷೆ ಹೆಚ್ಚು ನಂಬಿಕೆಯದು. 2024ರ ಜುಲೈನಲ್ಲಿ ಡೆಂಗ್ಯೂ ಜೋರಾಗಿದ್ದಾಗ ನಮ್ಮ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ದರ ಗೊತ್ತುಮಾಡಿತ್ತು: ಎನ್‌ಎಸ್1 ಎಲಿಸಾಕ್ಕೆ 300 ರೂಪಾಯಿ, ಐಜಿಎಂ ಎಲಿಸಾಕ್ಕೆ 300, ಕಾರ್ಡ್ ಟೆಸ್ಟ್‌ಗೆ 250. ಈಗ ಪರೀಕ್ಷೆಗೆ ಹೋಗುವಾಗ ಎಷ್ಟು ಕೇಳುತ್ತಾರೆ, ಅದು ಕಾರ್ಡೋ ಎಲಿಸಾವೋ ಎಂದು ಮೊದಲೇ ಕೇಳಿಕೊಳ್ಳಿ.

ಹಂತ 8: ವಿಡಾಲ್ ಪಾಸಿಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಎಂದಲ್ಲ

ಇದನ್ನು ದಪ್ಪಕ್ಷರದಲ್ಲಿ ಬರೆದು ಲ್ಯಾಬ್‌ನ ಗೋಡೆಗೆ ಅಂಟಿಸಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ವಿಡಾಲ್ ಎಂದರೆ ಟೈಫಾಯ್ಡ್ ವಿರುದ್ಧದ ಪ್ರತಿಕಾಯ ಹುಡುಕುವ, 1896ರಲ್ಲಿ ಶುರುವಾದ ಪರೀಕ್ಷೆ. ಕಡಿಮೆ ಖರ್ಚು, ಬೇಗ ಬರುತ್ತದೆ, ಅದಕ್ಕೇ ಎಲ್ಲ ಕಡೆ ನಡೆಯುತ್ತದೆ. ರಿಪೋರ್ಟ್‌ನಲ್ಲಿ 'ಟಿಒ 1:80, ಟಿಎಚ್ 1:160' ಎಂದಿರುತ್ತದೆ. ಟಿಒ, ಟಿಎಚ್ ಎಂದರೆ ಟೈಫಾಯ್ಡ್ ಬ್ಯಾಕ್ಟೀರಿಯಾದ ಎರಡು ಭಾಗಗಳ ವಿರುದ್ಧದ ಪ್ರತಿಕಾಯಗಳು. ನಿಮ್ಮ ರಕ್ತದ ಸೀರಂಗೆ (ಕಣಗಳನ್ನು ಬೇರ್ಪಡಿಸಿದ ತಿಳಿಗೆ) ಸಲೈನ್ ಬೆರೆಸುತ್ತಾ 80 ಪಟ್ಟು, 160 ಪಟ್ಟು ತೆಳ್ಳಗೆ ಮಾಡಿದರೂ ಪ್ರತಿಕಾಯ ಕೆಲಸ ಮಾಡುತ್ತಿದೆ ಎಂದು ಅದರ ಅರ್ಥ. ಎರಡನೇ ಅಂಕಿ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು.

ಟೈಫಾಯ್ಡ್ ಇರುವ ನಮ್ಮಂಥ ಊರುಗಳಲ್ಲಿ ಆರೋಗ್ಯವಾಗಿರುವವರ ರಕ್ತದಲ್ಲೂ 1:80 ಬರುತ್ತದೆ. ಹಿಂದೆ ಟೈಫಾಯ್ಡ್ ಬಂದಿದ್ದರೆ, ಲಸಿಕೆ ಹಾಕಿಸಿಕೊಂಡಿದ್ದರೆ, ಬೇರೆ ಜ್ವರ ಇದ್ದರೂ ಬರಬಹುದು. ಮೊದಲ ವಾರದಲ್ಲಿ ನಿಜವಾದ ಟೈಫಾಯ್ಡ್ ಇದ್ದರೂ ನೆಗೆಟಿವ್ ಬರಬಹುದು. ಒಂದು ವಾರ ಬಿಟ್ಟು ಮತ್ತೆ ಮಾಡಿದಾಗ ನಾಲ್ಕು ಪಟ್ಟು ಏರಿದ್ದರೆ ಮಾತ್ರ ಅದಕ್ಕೊಂದು ತೂಕ. ಮೂರನೇ ದಿನದ ಜ್ವರಕ್ಕೆ ವಿಡಾಲ್ ಮಾಡಿಸಿ, 1:80 ನೋಡಿ, ಮೆಡಿಕಲ್ ಶಾಪ್‌ನಿಂದಲೇ ಆ್ಯಂಟಿಬಯಾಟಿಕ್ ತೆಗೆದುಕೊಂಡು ನುಂಗುವವರು ಎಷ್ಟೋ ಜನ. ಆಮೇಲೆ ಬ್ಲಡ್ ಕಲ್ಚರ್ ಮಾಡಿದರೆ ಹೆಚ್ಚಾಗಿ ಏನೂ ಬೆಳೆಯುವುದಿಲ್ಲ. ರೋಗ ಯಾವುದೆಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ಐದಾರು ದಿನವಾದರೂ ಜ್ವರ ಬಿಡದೆ, ಏರುತ್ತಲೇ ಇದ್ದರೆ, "ಕಲ್ಚರ್ ಮಾಡಿಸಬಹುದಾ?" ಎಂದು ಡಾಕ್ಟರನ್ನು ಕೇಳಿ. ಖರ್ಚು ಸ್ವಲ್ಪ ಜಾಸ್ತಿ, ರಿಪೋರ್ಟ್‌ಗೆ ಎರಡರಿಂದ ಐದು ದಿನ ಬೇಕು. ಆದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಯಾವ ಮದ್ದು ಹಿಡಿಯುತ್ತದೆ ಎನ್ನುವುದೂ ಗೊತ್ತಾಗುತ್ತದೆ.

ಹಂತ 9: ನೀವು ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ

ರಿಪೋರ್ಟ್‌ನಲ್ಲಿ ಇದು ಇರುವುದಿಲ್ಲ, ನೀವೇ ಹೇಳಬೇಕು. ಇತ್ತೀಚೆಗೆ ಮಂಗಳೂರಿಗೋ, ಮಲೇರಿಯಾ ಇರುವ ಬೇರೆ ಊರಿಗೋ ಹೋಗಿದ್ದರೆ ಸ್ಲೈಡ್ ಪರೀಕ್ಷೆ ಬೇಕೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ದುಡ್ಡಿಲ್ಲ. ಒಂದು ನೆಗೆಟಿವ್ ಬಂದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡಿಸಬೇಕಾಗುತ್ತದೆ.

ಗದ್ದೆ, ಅಡಿಕೆ ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದ್ದೀರಾ? ಮೀನಖಂಡ ಸಿಡಿಯುತ್ತಿದೆಯಾ, ಕಣ್ಣು ಕೆಂಪಾಗಿದೆಯಾ? ಪ್ಲೇಟ್‌ಲೆಟ್ ಕಡಿಮೆ, ನ್ಯೂಟ್ರೋಫಿಲ್ ಹೆಚ್ಚು, ಜೊತೆಗೆ ಕಿಡ್ನಿಯ ಸಾಲಾದ ಕ್ರಿಯಾಟಿನಿನ್ ಮತ್ತು ಲಿವರ್‌ನ ಸಾಲಾದ ಬಿಲಿರುಬಿನ್ ಏರಿದ್ದರೆ ಇಲಿ ಜ್ವರ ಇರಬಹುದು. ಅದಕ್ಕೆ ಮದ್ದು ಇದೆ, ಬೇಗ ಶುರುವಾಗಬೇಕು. ಡೆಂಗ್ಯೂ ಎಂದುಕೊಂಡು ಬರೀ ಪ್ಲೇಟ್‌ಲೆಟ್ ಎಣಿಸುತ್ತಾ ಕೂತರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಕಾಡಿಗೆ ದರಗು, ಸೌದೆ ತರಲು ಹೋದವರಿಗೆ ಡಿಸೆಂಬರ್‌ನಿಂದ ಮೇ ತನಕ ಜ್ವರ ಬಂದರೆ ಮಂಗನ ಕಾಯಿಲೆಯ ಮಾತು ಮೊದಲು ಬರಬೇಕು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ ಇದು. ಉಣುಗು ಕಚ್ಚಿ ಬರುತ್ತದೆ. ಸಿಬಿಸಿ ಥೇಟ್ ಡೆಂಗ್ಯೂ ಹಾಗೆಯೇ: ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ಸಿಬಿಸಿಯಿಂದ ಬೇರೆ ಮಾಡಲು ಆಗುವುದಿಲ್ಲ, ಆರ್‌ಟಿ-ಪಿಸಿಆರ್ ಬೇಕು. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿದರೆ ರಕ್ತದ ಸ್ಯಾಂಪಲ್ ಕಳಿಸುವ ವ್ಯವಸ್ಥೆ ಅವರೇ ಮಾಡುತ್ತಾರೆ. ಮೈಮೇಲೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಗಾಯ ಇದ್ದರೆ ಅದನ್ನು ನಾಚಿಕೆಪಡದೆ ತೋರಿಸಿ. ಸ್ಕ್ರಬ್ ಟೈಫಸ್ ಎಂಬ ಜ್ವರದ ಗುರುತು ಅದು.

ಹಂತ 10: ಉಳಿದ ಸಾಲುಗಳು

ಸಿಆರ್‌ಪಿ ಉರಿಯೂತದ ಅಳತೆ. ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ತುಂಬಾ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಕಡೆ ಅನುಮಾನ ಹೋಗುತ್ತದೆ. ಇಎಸ್‌ಆರ್ ಕೂಡ ಉರಿಯೂತದ ಅಳತೆಯೇ, ಆದರೆ ನಿಧಾನದ್ದು, ಜ್ವರ ಬಿಟ್ಟು ವಾರಗಳಾದರೂ ಹೆಚ್ಚೇ ಇರಬಹುದು. ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರ್‌ನ ಸಾಲುಗಳು. ಡೆಂಗ್ಯೂವಿನಲ್ಲಿ ಎರಡೂ ಏರುತ್ತವೆ, ಹೆಚ್ಚಾಗಿ ಎಸ್‌ಜಿಒಟಿ ಮುಂದೆ ಇರುತ್ತದೆ. ಹಾಗೆಂದು ಜಾಂಡೀಸ್ ಎಂದುಕೊಂಡು ನಾಟಿ ಮದ್ದಿಗೆ ಹೋಗಬೇಡಿ.

ಹಂತ 11: ಜ್ವರ ಬಿಟ್ಟ ದಿನ

ಡೆಂಗ್ಯೂವಿನಲ್ಲಿ ಅತಿ ಎಚ್ಚರ ಬೇಕಾದ ಹೊತ್ತು ಜ್ವರ ಇಳಿಯುವಾಗ. ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾಗುತ್ತದೆ. ಮನೆಯವರು ದೇವರಿಗೆ ಕೈ ಮುಗಿದು ನಿರಾಳವಾಗುತ್ತಾರೆ. ನಾಳ ಸೋರುವುದು ಹೆಚ್ಚಾಗಿ ಆ 24ರಿಂದ 48 ಗಂಟೆಯಲ್ಲೇ. "ಜ್ವರ ಬಿಟ್ಟಿದೆ, ಇವತ್ತು ಬ್ಲಡ್ ಟೆಸ್ಟ್ ಬೇಡ" ಎಂದು ವಾಪಸ್ ಹೋಗುವವರನ್ನು ನಾನು ಕೈ ಹಿಡಿದು ನಿಲ್ಲಿಸುವಷ್ಟು ಒತ್ತಾಯ ಮಾಡುತ್ತೇನೆ. ಡಾಕ್ಟರ್ ಬರೆದುಕೊಟ್ಟಿದ್ದರೆ ಆ ದಿನದ ಸಿಬಿಸಿ ತಪ್ಪಿಸಲೇಬೇಡಿ.

ಆ ದಿನಗಳಲ್ಲಿ ರಿಪೋರ್ಟ್‌ಗಿಂತ ರೋಗಿಯ ಕಡೆ ಹೆಚ್ಚು ನೋಡಿ. ಹೊಟ್ಟೆನೋವು ಬಿಡದೆ ಇದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಒಸಡು ಅಥವಾ ಮೂಗಿನಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ, ಕೈಕಾಲು ತಣ್ಣಗಾಗಿ ಬೆವರಿದರೆ, ಆರು ಗಂಟೆಯಾದರೂ ಮೂತ್ರ ಆಗದಿದ್ದರೆ, ರೋಗಿ ಮಂಕಾಗಿ ಮಲಗಿದ್ದರೆ ಅಥವಾ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದರೆ, ಪ್ಲೇಟ್‌ಲೆಟ್ ಲಕ್ಷ ಇದ್ದರೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಜ್ವರಕ್ಕೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಮೈಕೈ ನೋವೆಂದು ನೋವಿನ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಬೇಡಿ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ, ಅವತ್ತೇ ಡಾಕ್ಟರನ್ನು ಕೇಳಿ.

ಎಲ್ಲ ರಿಪೋರ್ಟ್‌ಗಳ ಮೇಲೆ ಮೂಲೆಯಲ್ಲಿ ಪೆನ್ನಿನಿಂದ 'ಜ್ವರದ ದಿನ 4', 'ದಿನ 5' ಎಂದು ಬರೆದಿಡಿ. ಕೆಳಗೆ ಬಿಳಿ ರಕ್ತಕಣ, ಪಿಸಿವಿ, ಪ್ಲೇಟ್‌ಲೆಟ್ ಮೂರನ್ನೇ ಸಾಲಾಗಿ ಬರೆಯಿರಿ. ಡ್ಯೂಟಿ ಡಾಕ್ಟರ್ ಬದಲಾದರೂ ಒಂದು ನಿಮಿಷದಲ್ಲಿ ಅವರಿಗೆ ಎಲ್ಲ ತಿಳಿಯುತ್ತದೆ. ವಾಸಿಯಾದ ಮೇಲೆ ಆ ಕಾಗದಗಳನ್ನು ಎಸೆಯಬೇಡಿ. ಒಂದೆರಡು ತಿಂಗಳ ನಂತರ, ಚೆನ್ನಾಗಿರುವಾಗ ಒಂದು ಸಿಬಿಸಿ ಮಾಡಿಸಿ ಅದರ ಜೊತೆಗೇ ಇಡಿ. ಮುಂದಿನ ಮಳೆಗಾಲದಲ್ಲಿ ಮತ್ತೆ ಜ್ವರ ಬಂದರೆ, ನಿಮ್ಮ ಪಿಸಿವಿ ಎಷ್ಟರಿಂದ ಏರಿದೆ ಎಂದು ಹೇಳಲು ನಮಗೆ ಆ ಹಾಳೆಯೇ ಬೇಕು.